ಇಂಟರ್ನೆಟ್ ಇಲ್ಲದ ತೂಕದ ಕಂಪ್ಯೂಟರ್ ರಾತ್ರಿ ಒಂದು ಗಂಟೆಗೆ ಯಾರ ವಿಳಾಸ ಕೇಳುತ್ತಿದೆ?

ಅಡಿಕೆ_ಅಂಗಳ, ಗುರುವಾರ ಸಂಜೆ 6:40

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದ್ದು ಬಿ.ಕಾಂ. ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘಕ್ಕೆ ಲೆಕ್ಕ ಬರೆಯಲು ಸೇರಿದವಳು. ಒಂದು ದಿನ ಪ್ರಿಂಟರ್‌ನಲ್ಲಿ ಸಿಕ್ಕಿಕೊಂಡ ಕಾಗದ ತೆಗೆದುಕೊಟ್ಟದ್ದೇ ತಪ್ಪಾಯಿತು. ಎಂಟು ವರ್ಷದಿಂದ ನಲವತ್ತಮೂರು ಕಂಪ್ಯೂಟರ್, ಒಂದು ಸರ್ವರ್, ಒಂದು ಫೈರ್‌ವಾಲ್ ಎಲ್ಲವೂ ನನ್ನ ಕೊರಳಿಗೇ ಬಿದ್ದಿವೆ. ಆದ್ದರಿಂದ ಪ್ರಶ್ನೆ ದಡ್ಡತನದ್ದಾಗಿದ್ದರೆ ಬೈಯದೆ ಹೇಳಿ.

ಸಿಬ್ಬಂದಿ ಬೇರೆ ಊರಿನ ಅಡಿಕೆ ಧಾರಣೆ ನೋಡುವ ಜಾಲತಾಣಗಳಲ್ಲಿ ಜಾಹೀರಾತಿನ ಕಾಟ ಹೆಚ್ಚಾಯಿತೆಂದು ಕಳೆದ ವರ್ಷ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ತರಿಸಿ ಅದರಲ್ಲಿ ಜಾಹೀರಾತು ತಡೆಯುವ ಪೈ-ಹೋಲ್ ತಂತ್ರಾಂಶ ಹಾಕಿದ್ದೆ. ಈಗ ಎಲ್ಲ ಕಂಪ್ಯೂಟರ್‌ಗಳ ಡಿಎನ್‌ಎಸ್, ಅಂದರೆ ಜಾಲತಾಣದ ಹೆಸರು ಕೊಟ್ಟು ಅದರ ಐಪಿ ವಿಳಾಸ ಕೇಳುವ ಪ್ರಶ್ನೆ (ಕ್ವೆರಿ), ಅದರ ಮೂಲಕವೇ ಹೋಗುತ್ತದೆ. ಇವತ್ತು ಬೆಳಿಗ್ಗೆ ಸುಮ್ಮನೆ ಅದರ ಪುಟ ತೆರೆದೆ. ಅತಿ ಹೆಚ್ಚು ಕ್ವೆರಿ ಮಾಡಿದವರ ಪಟ್ಟಿಯಲ್ಲಿ ಮೊದಲ ಸ್ಥಾನ ತೂಕದ ಕಟ್ಟೆಯ ಕಂಪ್ಯೂಟರ್‌ನದು!

ಆ ಕಂಪ್ಯೂಟರ್ ಎಂಥದ್ದೆಂದರೆ, ಚೀಲ ತಕ್ಕಡಿ ಏರಿದಾಗ ತೂಕ ಹಿಡಿದು ಚೀಟಿ ಮುದ್ರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ವಿಂಡೋಸ್ 7. ತಕ್ಕಡಿಯ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ನಡೆಯುವುದಿಲ್ಲವೆಂದು ಹಾಗೆಯೇ ಇಟ್ಟಿದ್ದೇವೆ. ಅದಕ್ಕೆ ಇಂಟರ್ನೆಟ್ ಕೊಟ್ಟೇ ಇಲ್ಲ. ಫೈರ್‌ವಾಲ್‌ನಲ್ಲಿ ನಾನೇ ತಡೆದಿದ್ದೇನೆ. ಕಚೇರಿಯ ಸರ್ವರ್‌ನ ಒಂದು ಫೋಲ್ಡರ್ ಮಾತ್ರ ಅದಕ್ಕೆ ಕಾಣುತ್ತದೆ.

ಆದರೂ ಸೋಮವಾರ, ಮಂಗಳವಾರ, ಬುಧವಾರ ಮೂರು ರಾತ್ರಿಯೂ 1:10ಕ್ಕೆ ಸರಿಯಾಗಿ ಶುರು. ಸೋಮವಾರ 3,870 ಕ್ವೆರಿ, ಮಂಗಳವಾರ 11,214, ಬುಧವಾರ 6,052. ಮಂಗಳವಾರದ್ದು ಮುಗಿದಾಗ ಬೆಳಗಿನ ಜಾವ 4:30. ಎಲ್ಲವೂ ಒಂದೇ ಡೊಮೇನ್‌ನ (ಜಾಲತಾಣದ ಮೂಲ ಹೆಸರಿನ) ಕೆಳಗಿನ ಹೆಸರುಗಳು. ಅರವತ್ತು ಅಕ್ಷರದ ಒಂದು ಗೋಜಲು, ಚುಕ್ಕೆ, ಇನ್ನೊಂದು ಅರವತ್ತು ಅಕ್ಷರ, ಚುಕ್ಕೆ, ಐದಂಕಿಯ ಒಂದು ಸಂಖ್ಯೆ, ಆಮೇಲೆ ಆ ಡೊಮೇನ್. ಇಪ್ಪತ್ತು ಸಾಲುಗಳ ಚಿತ್ರವನ್ನು ಡೊಮೇನ್ ಹೆಸರು ಮಸುಕಾಗಿಸಿ ಕೆಳಗೆ ಹಾಕಿದ್ದೇನೆ. ವೋಚರ್ ನೋಡಿ ನೋಡಿ ಬಂದ ಅಭ್ಯಾಸವೋ ಏನೋ, ಒಂದು ವಿಷಯ ಕಣ್ಣಿಗೆ ಬಿತ್ತು: ಮೂರು ರಾತ್ರಿಯೂ ಮೊದಲ ಸಾಲು ಶುರುವಾಗುವುದು ಡಿ, 6, ಎಫ್, ಕ್ಯೂ, ಕ್ಯೂ ಎಂಬ ಐದು ಅಕ್ಷರಗಳಿಂದಲೇ. ಮುಂದಿನದೆಲ್ಲ ಬೇರೆ ಬೇರೆ.

ಆ್ಯಂಟಿವೈರಸ್ ‘ಯಾವ ಅಪಾಯವೂ ಇಲ್ಲ’ ಎನ್ನುತ್ತದೆ. ಫೈರ್‌ವಾಲ್ ವರದಿ ಪೂರ್ತಿ ಹಸಿರು. ಇಂಟರ್ನೆಟ್ ಬಳಕೆಯ ಗ್ರಾಫ್‌ನಲ್ಲಿ ಆ ಹೊತ್ತು ಒಂದು ಗೆರೆಯೂ ಎದ್ದಿಲ್ಲ. ಫೈರ್‌ವಾಲ್ ಮಾರಿದವರಿಗೆ ಫೋನ್ ಮಾಡಿದರೆ “ಡಿಎನ್‌ಎಸ್ ತಾನೇ ಮೇಡಂ, ಬಿಡಿ” ಎಂದರು. ಬಿಡಬಹುದೇ? ಇಂಟರ್ನೆಟ್ಟೇ ಇಲ್ಲದ ಕಂಪ್ಯೂಟರ್‌ನಿಂದ ಏನಾದರೂ ಹೊರಗೆ ಹೋಗಲು ಸಾಧ್ಯವೇ?


ಬೂದು_ಪೆಟ್ಟಿಗೆ, ಗುರುವಾರ ಸಂಜೆ 7:15

ಗಾಬರಿಯಾಗುವ ಮುನ್ನ ನನ್ನ ಕಥೆ ಕೇಳಿ. ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಇಂಥದ್ದೇ ಉದ್ದುದ್ದ ಹೆಸರುಗಳು ಕಂಡವು. ಮೂರು ದಿನ ನಿದ್ದೆಗೆಟ್ಟು, ಪ್ರಾಂಶುಪಾಲರ ತನಕ ದೂರು ಒಯ್ದು, ಪ್ರಯೋಗಾಲಯಕ್ಕೆ ಬೀಗ ಹಾಕಿಸಿದೆ. ಕೊನೆಗೆ ನೋಡಿದರೆ ಅದು ನಮ್ಮದೇ ಆ್ಯಂಟಿವೈರಸ್. ಕಡತದ ಗುರುತನ್ನು ಡಿಎನ್‌ಎಸ್ ಹೆಸರಿನೊಳಗೆ ತುಂಬಿಸಿ, ‘ಇದು ಒಳ್ಳೆಯದೋ ಕೆಟ್ಟದ್ದೋ’ ಎಂದು ತನ್ನ ಕಂಪನಿಯನ್ನು ಕೇಳುತ್ತಿತ್ತು. ಕಳ್ಳನೆಂದು ನಾನು ಕೊರಳಪಟ್ಟಿ ಹಿಡಿದದ್ದು ಕಾವಲುಗಾರನದು. ಮೇಲ್ ಸರ್ವರ್‌ಗಳು ಸ್ಪ್ಯಾಮ್ ಪಟ್ಟಿಯನ್ನು ನೋಡುವುದೂ ಹೀಗೆಯೇ, ಡಿಎನ್‌ಎಸ್‌ನಲ್ಲಿ.

ಒಂದು ಪರೀಕ್ಷೆ ಮಾಡಿ. ನಲವತ್ತಮೂರು ಕಂಪ್ಯೂಟರ್‌ಗಳಲ್ಲಿಯೂ ಇರುವುದು ಒಂದೇ ಆ್ಯಂಟಿವೈರಸ್ ತಾನೇ? ಹಾಗಾದರೆ ಆ ಡೊಮೇನನ್ನು ನಲವತ್ತಮೂರೂ ಕೇಳಿರಬೇಕು. ಕೇಳಿದ್ದರೆ ಹೋಗಿ ಮಲಗಿ. ತೂಕದ್ದೊಂದೇ ಕೇಳಿದ್ದರೆ ನನ್ನ ಮಾತು ವಾಪಸ್.


ನಿವೃತ್ತ_ಎಕ್ಸ್‌ಚೇಂಜ್, ಗುರುವಾರ ರಾತ್ರಿ 8:05

ತಾಯಿ, ನಾನು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಇದ್ದವನು. ನಿಮ್ಮ ಪ್ರಶ್ನೆ ದಡ್ಡತನದ್ದಲ್ಲ. ಫೈರ್‌ವಾಲ್ ಮಾರಿದವರ ಉತ್ತರ ದಡ್ಡತನದ್ದು.

ಮಿಸ್ಡ್ ಕಾಲ್ ನೆನಪಿದೆಯಲ್ಲ? ಮಗ ಬೆಂಗಳೂರಿಗೆ ತಲುಪಿದರೆ ಒಂದು ರಿಂಗ್, ಬಸ್ ತಪ್ಪಿದರೆ ಎರಡು. ಯಾರೂ ಫೋನ್ ಎತ್ತಲಿಲ್ಲ, ನಮ್ಮ ಮೀಟರ್ ಓಡಲಿಲ್ಲ, ಇಲಾಖೆಗೆ ಒಂದು ಪೈಸೆ ಬರಲಿಲ್ಲ. ಸುದ್ದಿ ಮಾತ್ರ ಮುಟ್ಟಿತು. ಡಿಎನ್‌ಎಸ್‌ನಲ್ಲಿ ನಡೆಯುವ ಕಳ್ಳಸಾಗಣೆಯೂ ಇದೇ. ಕಳ್ಳ ಒಂದು ಡೊಮೇನ್ ಕೊಂಡು, ಅದರ ಹೆಸರುಗಳಿಗೆ ಉತ್ತರ ಕೊಡುವ ನೇಮ್‌ಸರ್ವರ್ ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಆಮೇಲೆ ಆ ಡೊಮೇನ್‌ನ ಕೆಳಗಿನ ಯಾವ ಹೆಸರನ್ನು ಯಾರು ಎಲ್ಲಿಂದ ಕೇಳಿದರೂ ಪ್ರಶ್ನೆ ಕೊನೆಗೆ ಬಂದು ಬೀಳುವುದು ಅವನ ಅಂಗಳದಲ್ಲೇ. ನಿಮ್ಮ ತೂಕದ ಕಂಪ್ಯೂಟರ್ ಹೊರಗೆ ಕಾಲಿಡಲೇ ಇಲ್ಲ. ಅದು ಕೇಳಿದ್ದು ನಿಮ್ಮ ಪೈಯನ್ನು, ಪೈ ಕೇಳಿದ್ದು ಇಂಟರ್ನೆಟ್ ಕೊಟ್ಟವರ ಸರ್ವರನ್ನು, ಅವರದು ಕೇಳಿದ್ದು ಕಳ್ಳನನ್ನು. ನೀವು ಹಾಕಿದ ತಡೆಗೋಡೆ ಹಾಗೆಯೇ ಇದೆ. ಚೀಟಿಯನ್ನು ಕೈಯಿಂದ ಕೈಗೆ ದಾಟಿಸಿಕೊಟ್ಟವರು ನಿಮ್ಮ ಮನೆಯವರೇ.

ಡಿಎನ್‌ಎಸ್ ನಿಯಮದ ಪ್ರಕಾರ ಎರಡು ಚುಕ್ಕೆಗಳ ನಡುವೆ 63 ಅಕ್ಷರಕ್ಕಿಂತ ಹೆಚ್ಚು ಇರುವಂತಿಲ್ಲ, ಇಡೀ ಹೆಸರು 253 ದಾಟುವಂತಿಲ್ಲ. 1987ರಿಂದಲೂ ಇದೇ ಅಳತೆ. ನಿಮ್ಮಲ್ಲಿ ಅರವತ್ತು, ಅರವತ್ತು. ಯಾರೋ ಈ ಅಳತೆ ಗೊತ್ತಿದ್ದೇ ಚೀಲ ಹೊಲಿದಿದ್ದಾರೆ. ಅದು ಯಾವ ಕಡತವನ್ನಾದರೂ 32 ಚಿಹ್ನೆಗಳಲ್ಲೇ ಬರೆಯುವ ಬೇಸ್32 ಎಂಬ ಬರಹವಾಗಿದ್ದರೆ ಎಂಟು ಅಕ್ಷರದಲ್ಲಿ ಐದು ಬೈಟ್ ಹಿಡಿಯುತ್ತದೆ, ಅಂದರೆ ಕ್ವೆರಿಗೆ 75 ಬೈಟ್. ಮಂಗಳವಾರದ 11,214 ಕ್ವೆರಿಗೆ ಸುಮಾರು 8,40,000 ಬೈಟ್. ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊಕ್ಕಿಂತ ಕಡಿಮೆ! ಗ್ರಾಫ್‌ನಲ್ಲಿ ಗೆರೆ ಏಳುವುದಾದರೂ ಹೇಗೆ? ಆದರೆ ಆ ಗಾತ್ರದಲ್ಲಿ ಐದಾರು ಸಾವಿರ ಜನರ ಹೆಸರು, ಊರು, ಖಾತೆ ಸಂಖ್ಯೆ, ಫೋನ್ ಸಂಖ್ಯೆ ಆರಾಮಾಗಿ ಕೂರುತ್ತವೆ. ಎಷ್ಟು ಹೋಯಿತು ಎಂದು ನೋಡುವ ಗ್ರಾಫನ್ನು ನಂಬಿ ಕುಳಿತವರು ಇಂಥದ್ದನ್ನು ಎಂದೂ ಹಿಡಿಯಲಾರರು.

ಇದು ಹೊಸ ಉಪಾಯವೂ ಅಲ್ಲ. 2016ರಲ್ಲಿ ಫೈರ್‌ಐ ಕಂಪನಿಯವರು ಮಲ್ಟಿಗ್ರೇನ್ ಎಂಬ ಕಳ್ಳ ತಂತ್ರಾಂಶವನ್ನು ವಿವರಿಸಿದ್ದರು. ಅಂಗಡಿಯಲ್ಲಿ ಕಾರ್ಡ್ ಉಜ್ಜುವ ಯಂತ್ರದೊಳಗೆ ಕುಳಿತು ಕಾರ್ಡ್ ಸಂಖ್ಯೆಗಳನ್ನು ಡಿಎನ್‌ಎಸ್ ಹೆಸರುಗಳಾಗಿ ಹೊರಗೆ ಸಾಗಿಸುತ್ತಿತ್ತು. ಕಾರಣ ನಿಮ್ಮಲ್ಲಿರುವುದೇ: ಅಂಥ ಯಂತ್ರಗಳಿಗೆ ವೆಬ್ ಮುಚ್ಚಿರುತ್ತಾರೆ, ಕಡತ ಕಳುಹಿಸುವ ಎಫ್‌ಟಿಪಿ ಮುಚ್ಚಿರುತ್ತಾರೆ, ಡಿಎನ್‌ಎಸ್ ಮುಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ.

ಬೂದು ಪೆಟ್ಟಿಗೆಯವರು ಹೇಳಿದ ಪರೀಕ್ಷೆ ಒಳ್ಳೆಯದು, ಮಾಡಿ. ನನ್ನದೊಂದು ಸೇರಿಸುತ್ತೇನೆ. ವಿಳಾಸ ಕೇಳಿದವನು ಆ ಮನೆಗೆ ಹೋಗುತ್ತಾನೋ ಇಲ್ಲವೋ ನೋಡಿ. ಬ್ರೌಸರ್ ಒಂದು ಹೆಸರು ಕೇಳಿದರೆ ಮರುಕ್ಷಣವೇ ಬಂದ ಐಪಿ ವಿಳಾಸಕ್ಕೆ ಹೊರಡುತ್ತದೆ. ನಿಮ್ಮ ಫೈರ್‌ವಾಲ್ ತಡೆದಿದ್ದರೆ, ತಡೆದವರ ಪಟ್ಟಿಯಲ್ಲಾದರೂ ಅದರ ಹೆಸರಿರಬೇಕು. ಹನ್ನೊಂದು ಸಾವಿರ ಸಲ ವಿಳಾಸ ಕೇಳಿ ಒಂದು ಸಲವೂ ಹೊಸ್ತಿಲು ದಾಟಲು ನೋಡಲಿಲ್ಲವೆಂದರೆ ಅವನಿಗೆ ವಿಳಾಸ ಬೇಕಿರಲಿಲ್ಲ. ಕೇಳುವುದೇ ಅವನ ಕೆಲಸವಾಗಿತ್ತು.

ಇಂದು ರಾತ್ರಿ 1:10ಕ್ಕೆ ಮೊದಲು ಆ ಕಂಪ್ಯೂಟರ್‌ನ ನೆಟ್‌ವರ್ಕ್ ಕೇಬಲ್ ಕೀಳಿ. ವಿದ್ಯುತ್ ಆರಿಸಬೇಡಿ. ಆರಿಸಿದರೆ ಮೆಮೊರಿಯಲ್ಲಿರುವ ಸಾಕ್ಷ್ಯ ಅಳಿಸಿಹೋಗುತ್ತದೆ. ಪೈಯ ಲಾಗ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ.


ಅಡಿಕೆ_ಅಂಗಳ, ಗುರುವಾರ ರಾತ್ರಿ 10:20

ಮನೆಯಿಂದ ಹಿಂದಿರುಗಿ, ಕಾವಲುಗಾರರನ್ನು ಎಬ್ಬಿಸಿ ಬಾಗಿಲು ತೆಗೆಸಿದೆ. 9:05ಕ್ಕೆ ಕೇಬಲ್ ಕಿತ್ತೆ. ಅವರಿಗೆ ಇನ್ನೂ ಅರ್ಥವಾಗಿಲ್ಲ, “ಅಕ್ಕಾ, ಕರೆಂಟ್ ಹೊಡೆಯಿತೇ?” ಎಂದು ಮೂರು ಸಲ ಕೇಳಿದರು.

ನೀವಿಬ್ಬರೂ ಹೇಳಿದ್ದನ್ನು ಎಕ್ಸೆಲ್‌ನಲ್ಲಿ ನೋಡಿದೆ. ನನಗೆ ಬರುವುದು ಅದೊಂದೇ.

ಆ ಡೊಮೇನನ್ನು ಉಳಿದ ನಲವತ್ತೆರಡರಲ್ಲಿ ಒಂದೂ ಕೇಳಿಲ್ಲ. ಫೈರ್‌ವಾಲ್‌ನ ತಡೆದವರ ಪಟ್ಟಿಯಲ್ಲಿ ಮೂರು ರಾತ್ರಿಯೂ ತೂಕದ ಕಂಪ್ಯೂಟರ್‌ನ ಒಂದು ಸಾಲೂ ಇಲ್ಲ. ಮಂಗಳವಾರದ 11,214ರಲ್ಲಿ ಬೇರೆ ಬೇರೆ ಹೆಸರುಗಳು 11,209. ಐದು ಮಾತ್ರ ಎರಡೆರಡು ಸಲ ಬಂದಿವೆ. ಐದಂಕಿಯ ಆ ಸಂಖ್ಯೆ 00001ರಿಂದ ಶುರುವಾಗಿ ಒಂದೊಂದೇ ಏರುತ್ತದೆ, ನಡುವೆ ಒಂದೂ ಬಿಟ್ಟುಹೋಗಿಲ್ಲ. ನಮ್ಮ ರಶೀದಿ ಪುಸ್ತಕದಲ್ಲೂ ಇಷ್ಟು ಶಿಸ್ತಿಲ್ಲ.

ಹಿಂದಿನ ದಿನಗಳಿಗೆ ಹೋದಾಗ ಕಂಡದ್ದು ಇನ್ನೂ ಕೆಟ್ಟದ್ದು. ಸೋಮವಾರಕ್ಕೆ ಮೊದಲು ಹತ್ತೊಂಬತ್ತು ದಿನ, ಹತ್ತು ನಿಮಿಷಕ್ಕೊಂದರಂತೆ ಅದೇ ಡೊಮೇನ್‌ಗೆ ಒಂದು ಚಿಕ್ಕ ಕ್ವೆರಿ. ದಿನಕ್ಕೆ 144. ಭಾನುವಾರವೂ ಬಿಟ್ಟಿಲ್ಲ. ಬಂದ ಉತ್ತರಗಳು ಕೊನೆಯ ಐದು ದಿನದ್ದು ಮಾತ್ರ ಲಾಗ್‌ನಲ್ಲಿ ಉಳಿದಿದ್ದವು. ಅಲ್ಲಿ ಪ್ರತಿ ಸಲವೂ ಒಂದೇ ಐಪಿ, ಕೊನೆಯ ಅಂಕಿ 1. ಸೋಮವಾರ ರಾತ್ರಿ 1:10ರ ಉತ್ತರದಲ್ಲಿ ಮಾತ್ರ ಕೊನೆಯ ಅಂಕಿ 7. ಅದರ ಹಿಂದೆಯೇ ಸುರಿಮಳೆ ಶುರುವಾಗಿದೆ, 1 ಎಂದರೆ ‘ಕಾಯಿ’, 7 ಎಂದರೆ ‘ಕಳುಹಿಸು’ ಎಂದು ಅಪ್ಪಣೆ ಬಂದ ಹಾಗೆ. ಇದನ್ನು ನೋಡಿದಾಗ ಖಾಲಿ ಕಚೇರಿಯಲ್ಲಿ ಕೂರಲಾಗದೆ ಹೊರಗೆ ಜಗಲಿಗೆ ಬಂದು ನಿಂತೆ.

ಆ ಚಿಕ್ಕ ಕ್ವೆರಿಗಳು ಶುರುವಾದ ದಿನ ಏನಾಯಿತೆಂದು ಸಂದರ್ಶಕರ ಪುಸ್ತಕ ತೆಗೆದು ನೋಡಿದೆ. ಆ ದಿನ ತಕ್ಕಡಿಯ ಸಾಫ್ಟ್‌ವೇರ್ ದುರಸ್ತಿಗೆ ಒಬ್ಬರು ಪೆನ್‌ಡ್ರೈವ್ ಹಿಡಿದು ಬಂದಿದ್ದರು. ಅವರ ಹೆಸರಿನ ಮುಂದೆ ನನ್ನದೇ ಸಹಿ. ಚಹಾ ತರಿಸಿ ಕೊಟ್ಟದ್ದೂ ನಾನೇ. ಅವರೇ ಮಾಡಿದರೆಂದು ಹೇಳುತ್ತಿಲ್ಲ, ಪೆನ್‌ಡ್ರೈವ್ ಎಲ್ಲೆಲ್ಲಿ ಸುತ್ತಿ ಬಂದಿತ್ತೋ.


ಕಡಲೂರ_ಪ್ಯಾಕೆಟ್, ಗುರುವಾರ ರಾತ್ರಿ 11:00

ಮಂಗಳೂರಿನಿಂದ. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಆದರೆ ನೀವು ಮೊದಲೇ ಬರೆದಿದ್ದ ಒಂದು ಸಾಲನ್ನು ಯಾರೂ ಗಮನಿಸಲಿಲ್ಲ. ಡಿ, 6, ಎಫ್, ಕ್ಯೂ, ಕ್ಯೂ.

ನಿಮ್ಮ ಚಿತ್ರದ ಇಪ್ಪತ್ತು ಸಾಲುಗಳಲ್ಲಿ, ಕೊನೆಯ ಐದಂಕಿ ಬಿಟ್ಟರೆ, 0, 1, 8, 9 ಎಲ್ಲೂ ಇಲ್ಲ. ಅಕ್ಷರಗಳು ಎಲ್ಲ ಇವೆ, ಅಂಕಿಗಳಲ್ಲಿ 2ರಿಂದ 7 ಮಾತ್ರ. ಅದು ಬೇಸ್32ರ ವರ್ಣಮಾಲೆ. ಡಿಎನ್‌ಎಸ್‌ಗೆ ದೊಡ್ಡಕ್ಷರ ಚಿಕ್ಕಕ್ಷರದ ಭೇದವಿಲ್ಲದ್ದರಿಂದ ಎರಡೂ ಬಗೆಯ ಅಕ್ಷರ ಬಳಸುವ ಬೇಸ್64 ಅಲ್ಲಿ ಕೆಡುತ್ತದೆ, ಕಳ್ಳರು ಇದನ್ನು ಹಿಡಿಯುತ್ತಾರೆ. ಜಿಜಿಪ್ ಎಂಬ ತಂತ್ರಾಂಶದಿಂದ ಕುಗ್ಗಿಸಿದ ಪ್ರತಿ ಕಡತದ ಮೊದಲ ಮೂರು ಬೈಟ್ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಹದಿನಾರರ ಎಣಿಕೆಯಲ್ಲಿ 1ಎಫ್, 8ಬಿ, 08. ಅದನ್ನು ಐದೈದು ಬಿಟ್ ಕತ್ತರಿಸಿ ಬೇಸ್32ರಲ್ಲಿ ಬರೆದುನೋಡಿ. ಡಿ, 6, ಎಫ್, ಕ್ಯೂ, ಕ್ಯೂ! ಅಂದರೆ ಮೂರು ರಾತ್ರಿ, ಮೂರು ಜಿಜಿಪ್ ಕಡತ. ನಿಮ್ಮ ಕಳ್ಳ ಸೋಮಾರಿ. ಗಂಟು ಕಟ್ಟಿದ್ದಾನೆ, ಬೀಗ ಹಾಕಿಲ್ಲ. ಮೇಲೆ ಹೇಳಿದ ಮಲ್ಟಿಗ್ರೇನ್ ಮೊದಲು ಆರ್‌ಎಸ್‌ಎ ಎಂಬ ಗೂಢಲಿಪಿಯ ಕೀಲಿಯಿಂದ ಬೀಗ ಹಾಕಿ ಆಮೇಲೆ ಬೇಸ್32 ಮಾಡುತ್ತಿತ್ತು. ಅಂಥದ್ದಾಗಿದ್ದರೆ ಒಳಗೆ ಏನಿತ್ತೆಂದು ತಿಳಿಯುವ ದಾರಿಯೇ ಇರುತ್ತಿರಲಿಲ್ಲ. ಕುಗ್ಗಿಸಿದ್ದಾನೆಂದರೆ ಬಿಚ್ಚಿದಾಗ ಎಕ್ಸ್‌ಚೇಂಜ್ ಸರ್ ಹೇಳಿದ ಗಾತ್ರದ ಮೂರು ನಾಲ್ಕು ಪಟ್ಟು ಆಗಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಐದಂಕಿಯ ಸಂಖ್ಯೆಯ ಪ್ರಕಾರ ಸಾಲು ಜೋಡಿಸಿ, ಎರಡು ಸಲ ಬಂದದ್ದನ್ನು ತೆಗೆದು, ಎರಡೂ ಅರವತ್ತನ್ನು ಕೂಡಿಸಿ ಒಂದು ಕಡತ ಮಾಡಿ. ದೊಡ್ಡಕ್ಷರಕ್ಕೆ ತಿರುಗಿಸಿ ಬಿಚ್ಚುವ ಒಂಬತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ, ಖಾಸಗಿ ಸಂದೇಶದಲ್ಲಿ ಕಳುಹಿಸುತ್ತೇನೆ. ಸಂಘದ ಕಂಪ್ಯೂಟರ್‌ಗಳಲ್ಲಿ ಬೇಡ, ಬೇರೆ ಲ್ಯಾಪ್‌ಟಾಪ್‌ನಲ್ಲಿ ನಕಲಿನ ಮೇಲೆ ನಡೆಸಿ.

ಇನ್ನು ಕೆಲವರು ಬಂದು ಎಂಟ್ರೊಪಿ ಅಳೆಯಿರಿ, ಕೃತಕ ಬುದ್ಧಿಮತ್ತೆ ಹಾಕಿ ಎನ್ನುತ್ತಾರೆ. ಎಂಟ್ರೊಪಿ ಎಂದರೆ ಅಕ್ಷರಗಳು ಎಷ್ಟು ಚೆಲ್ಲಾಪಿಲ್ಲಿಯಾಗಿವೆ ಎಂಬ ಶಾನನ್ನನ ಲೆಕ್ಕ. ಮೂರು ಡಬ್ಲ್ಯುಗೆ ಸೊನ್ನೆ, ‘ಮೇಲ್’ ಎಂಬುದರ ನಾಲ್ಕು ಇಂಗ್ಲಿಷ್ ಅಕ್ಷರಕ್ಕೆ 2, ನಿಮ್ಮ ಅರವತ್ತರ ಗೋಜಲಿಗೆ 4.6ರ ಆಸುಪಾಸು ಬರುತ್ತದೆ. ಉಪಯೋಗವಿದೆ, ಆದರೆ ಆ್ಯಂಟಿವೈರಸ್‌ನವರ ಗೋಜಲಿಗೂ ಹೆಚ್ಚೇ ಬರುತ್ತದೆ. ಬುದ್ಧಿವಂತ ಕಳ್ಳ ನಿಘಂಟಿನ ಪದಗಳನ್ನೇ ಪೋಣಿಸಿ ಕಳುಹಿಸಿದರೆ ಕಡಿಮೆ ಬಂದು ನಿಮ್ಮನ್ನು ಮಲಗಿಸುತ್ತದೆ. ಒಂದು ಡೊಮೇನ್‌ನ ಕೆಳಗೆ ಒಂದು ಕಂಪ್ಯೂಟರ್ ಎಷ್ಟು ಹೊಸ ಹೆಸರು ಕೇಳಿತು ಎಂಬ ಎಣಿಕೆಯನ್ನು ಮಾತ್ರ ಅವನು ಸುಲಭವಾಗಿ ಬಚ್ಚಿಡಲಾರ. ಹಳೆಯ ಹೆಸರನ್ನೇ ಮತ್ತೆ ಕೇಳಿದರೆ ಉತ್ತರ ನಡುವಿನ ಸರ್ವರ್ ನೆನಪಿಟ್ಟುಕೊಂಡ ಪ್ರತಿಯಿಂದಲೇ (ಕ್ಯಾಶ್) ಬಂದುಬಿಡುತ್ತದೆ, ಸುದ್ದಿ ಅವನಿಗೆ ಮುಟ್ಟುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಹೊಸ ಹೆಸರು ಹುಟ್ಟಿಸಲೇಬೇಕು. ನೀವು ಎಕ್ಸೆಲ್‌ನಲ್ಲಿ ಮಾಡಿದ್ದು ಅದನ್ನೇ. ಇದೇ ಕೆಲಸವನ್ನು ದಿನವೂ ತಾನೇ ಮಾಡಲಿ ಎಂದರೆ ಜಾಲದ ಓಡಾಟದ ನಕಲು ಸಿಗುವಂತೆ ಸ್ವಿಚ್‌ನ ಒಂದು ಪೋರ್ಟನ್ನು ಮಿರರ್ ಮಾಡಿ, ಅದನ್ನು ದಾಖಲಿಸುವ ಝೀಕ್ ಹಾಕಿ, ಅದರ ಲಾಗ್‌ಗಳನ್ನು ರೀಟಾ ಎಂಬ ಸಾಧನಕ್ಕೆ ಉಣಿಸಿ. ಎರಡೂ ಪುಕ್ಕಟೆ. ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತಟ್ಟುವ ಚಾಳಿಯನ್ನು ರೀಟಾ ಚೆನ್ನಾಗಿ ಹಿಡಿಯುತ್ತದೆ. ಸೋಮವಾರಕ್ಕೆ ಮೊದಲೇ ನಿಮಗೆ ಸುಳಿವು ಸಿಗುವ ಸಾಧ್ಯತೆ ಇತ್ತು.

ಇನ್ನೊಂದು ಮುಖ್ಯ ವಿಷಯ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 28 ಏಪ್ರಿಲ್ 2022ರ ನಿರ್ದೇಶನದಂತೆ ಇಂಥದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ವರದಿ ಹೋಗಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಎಲ್ಲ ಗೊತ್ತಾದ ಮೇಲೆ ಬರೆಯೋಣವೆಂದು ಕಾಯಬೇಡಿ. ಈಗ ಗೊತ್ತಿರುವಷ್ಟನ್ನೇ ಇಂದು ರಾತ್ರಿಯೇ ಕಳುಹಿಸಿ.


ಬೂದು_ಪೆಟ್ಟಿಗೆ, ಗುರುವಾರ ರಾತ್ರಿ 11:10

ಮಾತು ವಾಪಸ್.


ಅಡಿಕೆ_ಅಂಗಳ, ಶುಕ್ರವಾರ ಸಂಜೆ 5:30

ವರದಿ ನಿನ್ನೆ ರಾತ್ರಿಯೇ ಹೋಯಿತು. ವ್ಯವಸ್ಥಾಪಕರಿಗೆ ಹನ್ನೊಂದೂವರೆಗೆ ಫೋನ್ ಮಾಡಿ ಒಪ್ಪಿಗೆ ಪಡೆದೆ. ಅವರಿಗೆ ಅರ್ಥವಾದದ್ದು ‘ಆರು ಗಂಟೆ’ ಎಂಬುದೊಂದೇ, ಅಷ್ಟು ಸಾಕಾಯಿತು.

ಇವತ್ತು ತೂಕ ಕೈಬರಹದ ಚೀಟಿಯಲ್ಲಿ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಗೇಟಿನಿಂದ ರಸ್ತೆಯ ತನಕ ಪಿಕಪ್ ಗಾಡಿಗಳ ಸಾಲು, ಬೆಳೆಗಾರರ ಬೈಗುಳ ಬೇರೆ.

ಬೆಳಿಗ್ಗೆ ತಮ್ಮನ ಲ್ಯಾಪ್‌ಟಾಪ್ ತಂದು ಆ ಒಂಬತ್ತು ಸಾಲು ನಡೆಸಿದೆ. ಸೋಮವಾರದ ಕಡತದಲ್ಲಿ ಸರ್ವರ್‌ನ ಫೋಲ್ಡರ್‌ಗಳ ಪಟ್ಟಿ, ಕೆಲವು ಚಿಲ್ಲರೆ ಕಾಗದಪತ್ರ. ಮನೆಯೊಳಗೆ ಏನೇನಿದೆ ಎಂದು ಮೊದಲು ಸುತ್ತಿ ನೋಡಿದ ಹಾಗೆ. ಮಂಗಳವಾರದ್ದನ್ನು ತೆರೆದಾಗ ಮೊದಲ ಸಾಲಿನಲ್ಲೇ ಗುರುತು ಹಿಡಿದೆ. ಅಂಕಣದ ತಲೆಬರಹದ ‘ಮೆಂಬರ್’ ಎಂಬ ಇಂಗ್ಲಿಷ್ ಪದದಲ್ಲಿ ಒಂದು ‘ಇ’ ಹೆಚ್ಚಿಗೆ ಬಿದ್ದಿದೆ. ನಾನು ಕೆಲಸಕ್ಕೆ ಸೇರಿದ ವರ್ಷ ಟೈಪ್ ಮಾಡುವಾಗ ಆದ ತಪ್ಪು. ಎಂಟು ವರ್ಷದಿಂದ ತಿದ್ದಬೇಕು ತಿದ್ದಬೇಕು ಎನ್ನುತ್ತಲೇ ಇದ್ದೆ. ಸದಸ್ಯರ ಪಟ್ಟಿ, ಬ್ಯಾಂಕ್ ಖಾತೆ ಸಂಖ್ಯೆ ಸಮೇತ. ಅದರ ಜೊತೆಗೆ ಎರಡು ವರ್ಷದ ಮಾರಾಟದ ಪಟ್ಟಿ: ಯಾರು ಎಷ್ಟು ಚೀಲ ತಂದರು, ಅಡಿಕೆ ರಾಶಿ ಬಗೆಯದೋ ಬೆಟ್ಟೆಯೋ, ಎಷ್ಟು ಹಣ ಯಾವ ದಿನ ಖಾತೆಗೆ ಹೋಯಿತು. ಬುಧವಾರದ್ದರಲ್ಲಿ ಸಾಲದ ಖಾತೆಗಳು.

ಅಧ್ಯಕ್ಷರು ಕರೆದು “ಹಣ ಹೋಗಿದೆಯೇ?” ಎಂದರು. ಇಲ್ಲ ಎಂದೆ. “ಮತ್ತೆ ಹೋದದ್ದೇನು?” ಎಂದರು. ಯಾವ ಬೆಳೆಗಾರನ ಕೈಯಲ್ಲಿ ಯಾವ ದಿನ ಎಷ್ಟು ಹಣ ಇರುತ್ತದೆಂಬ ಲೆಕ್ಕ ಹೋಗಿದೆ ಎಂದೆ. ಅವರೂ ಬೆಳೆಗಾರರೇ. ಆಮೇಲೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಎಕ್ಸ್‌ಚೇಂಜ್ ಸರ್, ಎರಡು ಪ್ರಶ್ನೆ ಉಳಿದಿವೆ. ಪೈಯಲ್ಲಿ ಆ ಡೊಮೇನ್ ಮುಚ್ಚಿದ್ದೇನೆ, ಅದು ಸಾಲದು ಅಲ್ಲವೇ? ಸದಸ್ಯರಿಗೆ ಏನೆಂದು ತಿಳಿಸುವುದು?


ನಿವೃತ್ತ_ಎಕ್ಸ್‌ಚೇಂಜ್, ಶುಕ್ರವಾರ ಸಂಜೆ 6:15

ಸಾಲದು. ನಾಳೆ ಅವನು ಇನ್ನೊಂದು ಡೊಮೇನ್ ಕೊಳ್ಳುತ್ತಾನೆ. ತೂಕದ ಕಂಪ್ಯೂಟರ್‌ಗೆ ಹೊರಗಿನ ಯಾವ ಹೆಸರೂ ಬೇಕಿಲ್ಲ. ಆದ್ದರಿಂದ ಅದು ಏನು ಕೇಳಿದರೂ ಪೈ ಹೊರಗೆ ದಾಟಿಸದಂತೆ ಮಾಡಿ, ಕಚೇರಿ ಸರ್ವರ್‌ನ ಹೆಸರೊಂದು ಬಿಟ್ಟು. ಉಳಿದವರು ಪೈಯನ್ನು ತಪ್ಪಿಸಿಕೊಂಡು ಬೇರೆ ಡಿಎನ್‌ಎಸ್‌ಗೆ ಹೋಗದಂತೆ ಫೈರ್‌ವಾಲ್‌ನಲ್ಲಿ ಡಿಎನ್‌ಎಸ್ ಪ್ರಶ್ನೆಗಳು ಹೋಗುವ 53ನೇ ಪೋರ್ಟನ್ನು ಪೈ ಒಂದಕ್ಕೇ ತೆರೆದಿಡಿ. ಬ್ರೌಸರ್‌ಗಳು ಡಿಎನ್‌ಎಸ್ಸನ್ನು ಜಾಲತಾಣ ತೆರೆಯುವ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿ ದಾರಿಯೊಳಗೆ ಅಡಗಿಸಿ ಕಳುಹಿಸುವ ರೂಢಿ 2018ರಿಂದ ಬಂದಿದೆ, ಅದನ್ನೂ ಬಂದ್ ಮಾಡಿ. ಇಲ್ಲದಿದ್ದರೆ ಮುಂದಿನ ಸಲ ನಿಮ್ಮ ಪೈಗೆ ಏನೂ ಕಾಣುವುದಿಲ್ಲ. ಸರ್ವರ್‌ನ ಆ ಫೋಲ್ಡರ್‌ನಲ್ಲಿ ತೂಕದ ಕಂಪ್ಯೂಟರ್‌ಗೆ ಸದಸ್ಯರ ಪಟ್ಟಿ ಏಕೆ ಕಾಣಬೇಕು ಎಂಬುದನ್ನೂ ಯೋಚಿಸಿ. ಉಳಿದ ನಲವತ್ತೆರಡನ್ನೂ ಹತ್ತು ನಿಮಿಷದ ಚಾಳಿಗಾಗಿ ಒಂದು ವಾರ ದಿನವೂ ನೋಡಿ.

ಸದಸ್ಯರಿಗೆ ಆದದ್ದನ್ನು ಆದಂತೆ ಹೇಳಿ. ನಾಳೆ ಯಾರೋ ಫೋನ್ ಮಾಡಿ “ನಿಮ್ಮ ಹದಿನಾಲ್ಕು ಚೀಲ ರಾಶಿಯ ಹಣ ತಡೆಹಿಡಿದಿದ್ದೇವೆ, ಒಟಿಪಿ ಹೇಳಿ” ಎಂದರೆ ಅಷ್ಟು ಸರಿಯಾದ ಲೆಕ್ಕ ಕೇಳಿ ಯಾರಾದರೂ ನಂಬುತ್ತಾರೆ. ಅಂಥ ಫೋನ್ ಬರಬಹುದು ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಎರಡನೆಯದರಲ್ಲಿ.


ಅಡಿಕೆ_ಅಂಗಳ, ಶುಕ್ರವಾರ ರಾತ್ರಿ 8:00

ಬರೆದೆ ಸರ್. ‘ತಾಂತ್ರಿಕ ದೋಷದಿಂದ’ ಎಂದು ಸೇರಿಸಲು ಆಡಳಿತ ಮಂಡಳಿಯವರು ಹೇಳಿದರು. ನಾನು ‘ಕಳವಾಗಿದೆ’ ಎಂದೇ ಬರೆದು ಅಧ್ಯಕ್ಷರ ಸಹಿಗೆ ಕಳುಹಿಸಿದ್ದೇನೆ. ಕಾಗದ ಇನ್ನೂ ವಾಪಸ್ ಬಂದಿಲ್ಲ.